ಮೋಡದೂರಿನಲ್ಲಿ ನಮ್ಮ ವೈನಿ ಕಳೆ ಕಿತ್ತದ್ದು

ಹುಮನಾಬಾದ್

“ಹಕ್ಕಿ ಸಲುವಾಗಿ ಗಿಡಾ ಹಚ್ತಾರಂತ?” ಎಂದು ವೈನಿ ಕೇಳಿದರು. “ನಾವು ಮನಷ್ಯಾರ ಸಲುವಾಗಿ ಹಚ್ಚಿದ್ದೇ ಆಡು ತಿಂದು ಹೋದ್ವು ಸುನಂದಾ. ಹಕ್ಕಿ ಹೆಸರು ಹೇಳಿದ್ರ ಬಿಡ್ತಾವೇನು?”

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ ಕಮಲಾಬಾಯಿ. ಬಸವಕಲ್ಯಾಣ ತಾಲೂಕಿನ ಮಂಠಾಳದಲ್ಲಿ, ನನ್ನ ತವರುಮನೆಯಲ್ಲಿ ಇರುತ್ತಾರೆ. ಕೂಲಿಗೆ ಹೋಗುವ ಹೊಲ ಬೇರೆಯವರದು, ಆದರೆ ಊರ ಹಿಂದಿನ ಬೋಳು ಗುಡ್ಡ ಮಾತ್ರ ತಮ್ಮದೇ ಎಂಬಂತೆ ಅವರ ನಡೆ. ಆ ಗುಡ್ಡದ ತುಂಬ ಲಂಟಾನ ಹಬ್ಬಿತ್ತು. ಓಣಿಯ ಹೆಂಗಸರನ್ನು ಕಟ್ಟಿಕೊಂಡು ಅದನ್ನು ಬೇರುಸಹಿತ ಕಿತ್ತರು. ಹಗ್ಗ ಹಿಡಿದು ಸಾಲು ಹೊಡೆದು ಬೇವು, ಹೊಂಗೆ, ಸೀತಾಫಲ ಹಚ್ಚಿದರು. ಅರ್ಧ ಆಡಿನ ಹೊಟ್ಟೆಗೆ ಹೋಯಿತು, ಅರ್ಧ ಉಳಿಯಿತು. ಉಳಿದದ್ದನ್ನು ನೋಡಿದ ಬೆಂಗಳೂರಿನ ಒಂದು ಸಂಸ್ಥೆಯವರು, ಕಾಡು ಬೆಳೆಸುವ ಹೆಂಗಸರು ಒಬ್ಬರ ಊರನ್ನು ಒಬ್ಬರು ನೋಡಬೇಕು ಎಂದು ಹೇಳಿ, ವೈನಿಯನ್ನು ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶಕ್ಕೆ ಕಳಿಸಲು ಮುಂದಾದರು. ವೈನಿ ಒಂದೇ ಮಾತು ಹೇಳಿದರು: ನಾದಿನಿ ಜೊತೆಗಿದ್ದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ನಾನು ಹುಮನಾಬಾದಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಡಂ. ಹೀಗೆ ಹೂವಿನ ಜೊತೆ ನಾರೂ ವಿಮಾನ ಹತ್ತಿತು.

ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯ ಚಾಚಾ ಕೇಳಿದರು, “ಮೇಡಂ, ಅಮೆರಿಕಾಕ್ಕ ಹೊಂಟೀರಂತಲ್ರಿ?”

“ಅಮೆರಿಕಾ ಅಲ್ರಿ ಚಾಚಾ, ಅದರ ಕೆಳಗಿಂದು.”

“ಕೆಳಗಿಂದಾ? ಹಂಗಿದ್ರ ಜರಾ ಸೋವಿ ಇರ್ತದ ಬಿಡ್ರಿ,” ಎಂದು ನನಗೆ ಸಮಾಧಾನ ಹೇಳಿದರು.

ವೈನಿಯ ಚೀಲದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿಯ ದೊಡ್ಡ ಅಟ್ಟಿಯಿತ್ತು. ಯಾವುದೋ ದೇಶದ ವಿಮಾನ ನಿಲ್ದಾಣದಲ್ಲಿ ಅದನ್ನು ಯಂತ್ರದೊಳಗೆ ಕಳಿಸಿದ ಅಧಿಕಾರಿಗೆ ಪರದೆಯ ಮೇಲೆ ಬರೀ ದುಂಡು ತಟ್ಟೆಗಳು ಕಂಡವು. ಅವನು ಬಟ್ಟೆ ಬಿಚ್ಚಿ, ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದ. “ಕಿವಿಗಲ್ರಿ ಸಾಹೇಬ್ರ, ಬಾಯಿಗಿ,” ಎಂದರು ವೈನಿ. ನಾನು ಭಾಷಾಂತರಿಸಲಿಲ್ಲ, ಆದರೂ ಅವನಿಗೆ ತಿಳಿಯಿತು. ನಗುತ್ತ ಚೀಲ ಕಟ್ಟಿಕೊಟ್ಟ.

ಮೋಡದೂರು

ಆ ಊರಿಗೆ ಹೆಸರಿದೆ. ಆದರೆ ಮೊದಲ ದಿನ ಜೀಪು ಇಳಿದಾಗ ಊರೇ ಕಾಣಲಿಲ್ಲ, ಹಾಗಾಗಿ ವೈನಿ ಅದನ್ನು ಮೋಡದೂರು ಎಂದರು. ಕೊನೆಯವರೆಗೂ ನಮಗೆ ಅದು ಮೋಡದೂರೇ ಆಯಿತು. ಪರ್ವತದ ಹೆಗಲ ಮೇಲೆ ಚದುರಿದ ಮನೆಗಳು. ನಮ್ಮಲ್ಲಿ ಬೇಸಿಗೆಯ ಧೂಳು ಹೇಳದೆ ಕೇಳದೆ ಮನೆಯೊಳಗೆ ಬರುವ ಹಾಗೆ ಇಲ್ಲಿ ಮೋಡ ಬರುತ್ತದೆ. ಮಧ್ಯಾಹ್ನ ಊಟಕ್ಕೆ ಕೂತರೆ ಬಾಗಿಲಿನಿಂದ ಒಳಗೆ ಬಂದು, ಒಲೆಯನ್ನೊಮ್ಮೆ ನೋಡಿ, ಹಿತ್ತಲ ಬಾಗಿಲಿನಿಂದ ಹೋಗುತ್ತದೆ. ಹೋದ ಮೇಲೆ ಹೊದಿಕೆ, ಕೂದಲು, ರೆಪ್ಪೆ ಎಲ್ಲ ತೇವ.

ಎತ್ತರಕ್ಕೆ ನನ್ನ ತಲೆ ತಡೆಯಲಿಲ್ಲ. ನಿದ್ದೆ ಯಾವುದು ಎಚ್ಚರ ಯಾವುದು ಗೊತ್ತಾಗದಂಥ ಒಂದು ಮಂಪರು ಬಂದು ಕೂತಿತು. ಕಣ್ಣು ಮುಚ್ಚಿದರೆ ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಡೆಯುತ್ತಿರುವಂತೆ, ಕಣ್ಣು ತೆರೆದರೆ ಕೆರೆಯೇ ಆವಿಯಾಗಿ ಕಿಟಕಿಯಲ್ಲಿ ನಿಂತಂತೆ. ವೈನಿಗೆ ಏನೂ ಆಗಲಿಲ್ಲ. ಸೀರೆಯ ಕೆಳಗೆ ರಬ್ಬರ್ ಬೂಟು, ಮೇಲೆ ಕಂಬಳಿಯಂಥ ಪೊಂಚೋ ಹಾಕಿಕೊಂಡು ಮೊದಲ ಸಂಜೆಯೇ ಊರೆಲ್ಲ ಸುತ್ತಿ ಬಂದರು.

ನಾವು ಇಳಿದದ್ದು ಎಲ್ವಿರಾ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ವೈನಿ ಕೂಡಲೇ ಅವರನ್ನು ಎಲ್ವಿರಾಬಾಯಿ ಮಾಡಿಕೊಂಡರು. ಗಂಡ ತೀರಿಹೋಗಿದ್ದಾರೆ, ಆಕಳು ಸಾಕಿ ಗಿಣ್ಣಿನಂಥ ಚೀಸ್ ಮಾಡಿ ಮಾರುತ್ತಾರೆ. ಕಡಿಮೆ ಮಾತು. ಬಾಗಿಲಲ್ಲೇ ವೈನಿಯನ್ನು ತಬ್ಬಿ ಕೆನ್ನೆಗೆ ಮುತ್ತಿಟ್ಟಾಗ ನಮ್ಮ ವೈನಿ ಕಲ್ಲಿನಂತೆ ನಿಂತರು, ಆಮೇಲೆ ಒಳಗೆ ಬಂದು ನನ್ನನ್ನು ಗದರಿದರು: “ಮೊದಲ ಹೇಳಬಾರದೇನ? ಅಡಕಿ ಬಾಯಾಗಿತ್ತು ನಂದು!” ಎಲ್ವಿರಾರ ಗೋಡೆಯ ಮೇಲೆ ಪ್ಲಾಸ್ಟಿಕ್ ಹೂವಿನ ನಡುವೆ ಮೇರಿ ಮಾತೆಯ ಪಟ. ವೈನಿ ತಾವು ಎಲ್ಲಿ ಹೋದರೂ ಒಯ್ಯುವ ಪುಟ್ಟ ಬುದ್ಧನ ಪಟವನ್ನು ಅದರ ಪಕ್ಕದ ಗೂಡಿನಲ್ಲಿಟ್ಟರು. ಸಂಜೆ ಎಲ್ವಿರಾ ಮೇಣದ ಬತ್ತಿ ಹಚ್ಚುವಾಗ ಒಂದು ಕ್ಷಣ ನಿಂತು, ಇನ್ನೊಂದು ಬತ್ತಿ ತಂದು ಅಲ್ಲಿಯೂ ಹಚ್ಚಿದರು.

ಮಾತಿನ ಸಂಗತಿ ಹೇಳಬೇಕು. ಎಲ್ವಿರಾ ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಆ ಊರಿನ ಶಾಲೆಯ ಟೀಚರ್ ಲೂಸಿಯಾ ಇಂಗ್ಲಿಷಿಗೆ ತರುತ್ತಿದ್ದಳು. ಅದನ್ನು ನಾನು ಮಂಠಾಳಕ್ಕೆ ತರುತ್ತಿದ್ದೆ. ಮೂರು ಪಾತ್ರೆ ಬದಲಿಸುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಜೊತೆಗೆ ನನಗೆ ಪಾಠದ ಸಾರಾಂಶ ಬರೆಸುವ ಹಳೇ ಚಟ. ಲೂಸಿಯಾ ಹತ್ತು ಮಾತಾಡಿದರೆ ನಾನು ಒಂದರಲ್ಲಿ ಮುಗಿಸುತ್ತಿದ್ದೆ. “ಆಕಿ ಅಷ್ಟೊತ್ತು ಮಾತಾಡಿದ್ಲು, ನೀ ಇಷ್ಟೇ ಹೇಳ್ತಿ. ಉಳಿದದ್ದು ನೀ ತಿಂದಿ ಏನು?” ಎಂದು ವೈನಿ ಕೇಳುತ್ತಲೇ ಇದ್ದರು.

ಅಲ್ಲಿಯ ಜನಕ್ಕೆ ಒಂದು ಮಾತಿದೆ: ಈಗಲೇ. ಜೀಪು ಯಾವಾಗ ಬರುತ್ತದೆ? ಈಗಲೇ. ಮಳೆ ಯಾವಾಗ ನಿಲ್ಲುತ್ತದೆ? ಈಗಲೇ. ನಮ್ಮಲ್ಲಿ “ಈಗ ಬಂದ್ನಿ” ಎಂದವರು ಮಲಗಿ ಎದ್ದು ಬರುತ್ತಾರಲ್ಲ, ಹಾಗೆಯೇ. ಇಷ್ಟು ದೂರ ಬಂದು ಇದೊಂದನ್ನು ಕೇಳಿ ನನಗೆ ನಮ್ಮೂರೇ ಸಿಕ್ಕಷ್ಟು ಸಂತೋಷವಾಯಿತು.

ಗಿಡದ ಕೆಲಸಕ್ಕೆ ಊರೆಲ್ಲ ಒಟ್ಟಿಗೆ ಕೂಡುವುದಕ್ಕೆ ಅವರು ಮಿಂಗಾ ಎನ್ನುತ್ತಾರೆ. ಪ್ರತಿ ಮನೆಯಿಂದ ಒಂದು ಜೋಡಿ ಕೈ ಬರಲೇಬೇಕು. ನಾವು ಹೋದ ಮೊದಲ ಮಿಂಗಾದಲ್ಲಿ ಸಸಿ ಬೆಳೆಸುವ ಚೀಲಗಳಿಗೆ ಮಣ್ಣು ತುಂಬುವ ಕೆಲಸ. ವೈನಿ ಕೂತ ಮೇಲೆ ಉಳಿದ ಹೆಂಗಸರು ಅವರ ಕೈ ನೋಡುತ್ತ ತಮ್ಮ ಕೆಲಸ ಮರೆತರು. ಕೆಲಸ ಮುಗಿದಾಗ ನೆಲದ ಮೇಲೆ ಉದ್ದಕ್ಕೆ ಬಟ್ಟೆ ಹಾಸಿ, ಎಲ್ಲರೂ ಮನೆಯಿಂದ ತಂದ ಬೇಯಿಸಿದ ಆಲೂಗಡ್ಡೆ, ಜೋಳದ ತೆನೆ, ಅವರೆಕಾಳು ಎಲ್ಲವನ್ನೂ ಅದರ ಮೇಲೆ ಸುರಿದರು. ತಟ್ಟೆಯಿಲ್ಲ, ನನ್ನದು ನಿನ್ನದು ಇಲ್ಲ. ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವುದು ನೆನಪಾಯಿತು. ವೈನಿ ತಮ್ಮ ರೊಟ್ಟಿಯ ಗಂಟು ಬಿಚ್ಚಿ ಬಟ್ಟೆಯ ಮೇಲಿಟ್ಟರು. ಶೇಂಗಾ ಚಟ್ನಿ ತಿಂದ ಒಬ್ಬ ಮುದುಕ ಕಣ್ಣೀರು ಒರೆಸಿಕೊಂಡು ಮತ್ತೆ ಕೈ ಚಾಚಿದ.

ಮೇಲಿನ ಕಾಡು

ಶನಿವಾರ ಲೂಸಿಯಾ ನಮ್ಮನ್ನು ಹಕ್ಕಿ ನೋಡಲು ಮೇಲಿನ ಕಾಡಿಗೆ ಕರೆದೊಯ್ದಳು. ಅಲ್ಲಿ ಮರಗಳಿಗೆ ತೊಗಟೆಯೇ ಕಾಣುವುದಿಲ್ಲ, ಬುಡದಿಂದ ತುದಿಯವರೆಗೆ ಪಾಚಿ. ವೈನಿ ಒಂದು ಹಿಡಿ ಪಾಚಿ ಹಿಂಡಿದರು. ಮೊಣಕೈವರೆಗೂ ನೀರು ಇಳಿಯಿತು. “ಮಂಠಾಳದ ಗುಡ್ಡಕ್ಕ ಇದರಾಗಿಂದು ಒಂದು ಮುಷ್ಟಿ ಸಾಕಾಗ್ತಿತ್ತು ನೋಡು,” ಎಂದು ಬಹಳ ಹೊತ್ತು ಆ ಒದ್ದೆ ಕೈಯನ್ನೇ ನೋಡುತ್ತ ನಿಂತರು.

ಸದ್ದಿರಲಿಲ್ಲ. ಹನಿ ಬೀಳುವುದೂ ದೂರದಲ್ಲಿ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಲೂಸಿಯಾ ನನ್ನ ತೋಳು ಹಿಡಿದಳು. ಎದುರಿನ ಪೊದೆಯ ಮುಂದೆ, ಮೋಡದೊಳಗೆ, ಎರಡು ಬಿಳಿ ಉಂಡೆಗಳು ತೇಲುತ್ತಿದ್ದವು. ಅಷ್ಟೇ ಮೊದಲು ಕಂಡದ್ದು. ಆಮೇಲೆ ನಿಧಾನವಾಗಿ ಅವುಗಳ ಮೇಲೆ ಒಂದು ಕಪ್ಪು ಹಕ್ಕಿ ಮೂಡಿತು, ನನ್ನ ಹೆಬ್ಬೆರಳಿನಷ್ಟು. ನಮ್ಮ ಸೂರಕ್ಕಿ ರೆಂಬೆ ಹಿಡಿದು ಕೂತು ಹೂವಿನ ರಸ ಕುಡಿಯುತ್ತದೆ, ಇದು ಬರೀ ಗಾಳಿಯ ಮೇಲೆ ನಿಂತಿತ್ತು. ಕತ್ತು ತಿರುಗಿಸಿದಾಗ ಎದೆಯಲ್ಲಿ ಹಸಿರು ಮಿಂಚಿತು. ರೆಕ್ಕೆ ಇದೆಯೋ ಇಲ್ಲವೋ ತಿಳಿಯಲಿಲ್ಲ, ಒಂದು ಗುಂಯ್ ಎನ್ನುವ ಸದ್ದು ಮಾತ್ರ ಎದೆಯೊಳಗೆ ಕೇಳಿತು. ಆಮೇಲೆ ಅಲ್ಲಿ ಮೋಡವಷ್ಟೇ ಇತ್ತು.

“ಹತ್ತಿ ಹಾರ್ತು,” ಎಂದು ವೈನಿ ಪಿಸುಗುಟ್ಟಿದರು.

ಅದು ಹಮ್ಮಿಂಗ್ ಹಕ್ಕಿಯ ಒಂದು ಜಾತಿ. ಕಾಲಿಗೆ ಬಿಳಿ ಉಣ್ಣೆಯ ಗುಂಡು ಕಟ್ಟಿಕೊಂಡ ಹಾಗಿರುತ್ತದೆ. ಅಲ್ಲಿಯ ಕುದುರೆ ಸವಾರರು ತೊಡುವ ಕುರಿತುಪ್ಪಳದ ಪಾಯಜಾಮದ ಹೆಸರನ್ನೇ ಜನ ಅದಕ್ಕಿಟ್ಟಿದ್ದಾರೆ. ಈ ಪರ್ವತದ ಮಗ್ಗುಲು ಬಿಟ್ಟರೆ ಇನ್ನೆಲ್ಲಿಯೂ ಅದು ಇಲ್ಲವೆನ್ನುವಷ್ಟು ಕಡಿಮೆಯಾಗಿದೆ.

ವೈನಿ ಪಾಚಿ ಮುಟ್ಟುತ್ತ ಮುಂದೆ ಹೋದಾಗ, ಲೂಸಿಯಾ ಒಂದು ಬಿದ್ದ ಮರದ ಮೇಲೆ ಕೂತು ನನಗೆ ಉಳಿದದ್ದನ್ನು ಹೇಳಿದಳು. ಮೇಲಿನ ಕಾಡಿನಲ್ಲಿ ಹೂ ಮುಗಿದಾಗ ಹಕ್ಕಿ ಕೆಳಗಿನ ಕಾಡಿಗೆ ಹೋಗಬೇಕು. ನಡುವೆ ಎಲ್ವಿರಾರ ಹುಲ್ಲುಗಾವಲು. ಆ ಬಯಲನ್ನು ಅದು ದಾಟುವುದಿಲ್ಲ. ಅಲ್ಲೊಂದು ಪಟ್ಟಿಯಲ್ಲಿ ಹೂಗಿಡ ಬೆಳೆದರೆ ದಾಟೀತು. ಊರವರು ಕೇಳಿಕೊಂಡಾಗ ಎಲ್ವಿರಾ ಕೊಟ್ಟರು, ಆದರೆ ಪೂರ್ತಿ ಕೊಡಲಿಲ್ಲ. ಗಿಡ ಹೂ ಬಿಡುವವರೆಗೆ ನೋಡುತ್ತೇನೆ, ಹೂ ಬಂದೂ ಹಕ್ಕಿ ಬರದಿದ್ದರೆ ನನ್ನ ಆಕಳು ಮತ್ತೆ ಅಲ್ಲೇ ಮೇಯುತ್ತವೆ ಎಂದು ಊರ ಸಭೆಯಲ್ಲಿ ಹೇಳಿದ್ದರು. ಆ ಹುಲ್ಲು ಅವರ ಮಾವ ಹೊರಗಿನಿಂದ ತಂದು ಬೆಳೆಸಿದ್ದು, ಆ ಮನೆ ಎದ್ದದ್ದೇ ಅದರಿಂದ. ಪಟ್ಟಿಯನ್ನು ವಾಪಸ್ ಆಕಳಿಗೆ ಬಿಡು ಎಂದು ಅವರ ಮೈದುನ ದಿನವೂ ಒತ್ತಾಯಿಸುತ್ತಿದ್ದ. ಆ ಗಿಡಗಳು ಈ ತಿಂಗಳು ಮೊದಲ ಸಲ ಹೂ ಬಿಟ್ಟಿದ್ದವು. ಊರಿಗೆ ಊರೇ ಉಸಿರು ಹಿಡಿದು ಕಾಯುತ್ತಿತ್ತು.

ಇಳಿಯುವಾಗ ಮೋಡ ಒಂದು ಕ್ಷಣ ಸರಿದು ಕೆಳಗೆ ಹಸಿರು ಕಂಡಿತು. “ಅದೇನು ಸುನಂದಾ, ಅಷ್ಟು ಹಸರ?” ಎಂದು ವೈನಿ ಕೇಳಿದರು. ನನ್ನ ತಲೆ ಸಿಡಿಯುತ್ತಿತ್ತು. “ಎಲ್ವಿರಾಬಾಯಿ ಅವರ ಮೇವಿನ ಹೊಲರಿ ವೈನಿ,” ಎಂದೆ. ಉಳಿದದ್ದನ್ನು ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ತಲೆ ಎತ್ತಲಾಗಲಿಲ್ಲ.

ಭಾನುವಾರ

ಭಾನುವಾರ ಊರೆಲ್ಲ ಕಣಿವೆಯ ಚರ್ಚಿಗೆ ಇಳಿದುಹೋಯಿತು. ಎಲ್ವಿರಾ ನನಗೊಂದು ಸೊಪ್ಪಿನ ಕಷಾಯ ಕೊಟ್ಟು, ಹಬ್ಬದ ಟೋಪಿ ಇಟ್ಟುಕೊಂಡು ಹೋದರು. ನಾನು ಮೂರು ಕಂಬಳಿ ಹೊದ್ದು ಮಲಗಿದೆ. ಹುಮನಾಬಾದಿನ ಹೆದ್ದಾರಿಯ ಮೇಲೆ ಲಾರಿಗಳೆಲ್ಲ ಸದ್ದಿಲ್ಲದೆ ತೇಲುತ್ತಿರುವಂತೆ, ಪ್ರತಿ ಲಾರಿಯ ಮುಂದೂ ಎರಡು ಬಿಳಿ ಉಂಡೆಗಳು ಕುಣಿಯುತ್ತಿರುವಂತೆ ಕನಸು. ಬಹಳ ಚಂದದ ಕನಸು, ಏಳಲು ಮನಸ್ಸೇ ಇರಲಿಲ್ಲ.

ಕೂಗು ಕೇಳಿ ಎದ್ದೆ. ಮನುಷ್ಯರ ಕೂಗೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಬೂಟು ಹಾಕದೆ ಓಡಿದೆ.

ಬೇಲಿಯ ಹತ್ತಿರ ಎಲ್ವಿರಾ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ಒಳಗೆ ವೈನಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರುಗಾಲಲ್ಲಿ, ಮುಖದ ತುಂಬ ನಗು ಹೊತ್ತು ತಿರುಗಿ ನೋಡುತ್ತಿದ್ದರು. ಅವರ ಹಿಂದೆ ಹುಲ್ಲು ಮಾತ್ರ. ನುಣ್ಣನೆಯ, ಚೊಕ್ಕ ಹುಲ್ಲು. ಬೇಲಿಯ ಪಕ್ಕದಲ್ಲಿ, ಬುಡ ಒಂದು ಕಡೆ ತುದಿ ಒಂದು ಕಡೆ ಬರುವಂತೆ ಒಪ್ಪವಾಗಿ ಒಟ್ಟಿದ ಮೊಣಕಾಲೆತ್ತರದ ಗಿಡಗಳು. ಅವುಗಳ ತುದಿಯಲ್ಲಿ ಕಿತ್ತಳೆ, ನೇರಳೆ ಬಣ್ಣದ ಪುಟ್ಟ ಕೊಳವೆ ಹೂಗಳ ಗೊಂಚಲು.

“ಸುನಂದಾ, ಈ ಹಾಳಾದ ಲಂಟಾನ ಇಲ್ಲಿಗೂ ಬಂದದ ನೋಡು!” ಎಂದರು ವೈನಿ. “ಎಲ್ವಿರಾಬಾಯಿ ಪಾಪ ಒಬ್ಬಾಕಿ. ನಮಗ ದಿನಾ ಮಾಡಿ ಹಾಕ್ತಾಳ. ಆಕಿ ಬರೂದ್ರಾಗ ಮೇವಿನ ಹೊಲಾ ಸಾಫ್ ಮಾಡಿ ಇಡಾಮಂತ... ಯಾಕ, ಯಾಕ ಹಂಗ ಒದರಾಕತ್ತಾಳ ಆಕಿ?”

ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಹೇಳುತ್ತಾ ಹೋದಂತೆ ವೈನಿಯ ಮುಖದಿಂದ ನಗು ಒಂದೇ ಸಲ ಹೋಗಲಿಲ್ಲ, ಎಲ್ಲಿ ಇಳಿಯಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು. ಅದನ್ನು ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

“ಸಾಲಿನ್ಯಾಗ ಒಂದೂ ಇರಲಿಲ್ಲ ಸುನಂದಾ,” ಎಂದರು ಕೊನೆಗೆ. “ಒಂದು ಇಲ್ಲಿ, ಒಂದು ಅಲ್ಲಿ. ಯಾವ ರೈತಾ ಹಂಗ ಹಚ್ತಾನ?”

ಅದೂ ನಿಜವೇ. ಕೂರಿಗೆ ಹೊಡೆಯುವ ನಮ್ಮ ಸೀಮೆಯಲ್ಲಿ ಸಾಲಿನಲ್ಲಿ ಇದ್ದದ್ದು ಬೆಳೆ, ಸಾಲು ಬಿಟ್ಟದ್ದು ಕಳೆ. ಹುಟ್ಟಿದಾಗಿನಿಂದ ವೈನಿಯ ಕೈ ಕಲಿತದ್ದು ಅದನ್ನೇ. ಇಲ್ಲಿಯವರು ಕಾಡು ಹೇಗೆ ತಾನೇ ತಾನು ಬೆಳೆಯುತ್ತದೋ ಹಾಗೆ ಬೇಕೆಂದೇ ಚದುರಿಸಿ ನೆಡುತ್ತಾರಂತೆ. ಲೂಸಿಯಾ ಹೇಳಿದ್ದಳು. ನನ್ನ ಸಾರಾಂಶದಲ್ಲಿ ಅದು ಬಂದಿರಲಿಲ್ಲ.

ಅಷ್ಟರಲ್ಲಿ ಎಲ್ವಿರಾರ ಮೈದುನ ಬಂದ, ಹಿಂದೆಯೇ ಲೂಸಿಯಾ ಬಂದಳು. ಮೈದುನ ದೊಡ್ಡ ಮೀಸೆಯ, ಒಳ್ಳೆ ಮಾತಿನ ಮನುಷ್ಯ. ಬೇಲಿಯ ಮೇಲೆ ಕೈಯಿಟ್ಟು ಹುಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನಕ್ಕ. ವೈನಿಯ ಹತ್ತಿರ ಹೋಗಿ ಶಹಬ್ಬಾಸ್ ಎನ್ನುವಂತೆ ಭುಜ ತಟ್ಟಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ ಏನೋ ಹೇಳಿದ. ಲೂಸಿಯಾ ತಡೆತಡೆದು ನನಗೆ ಹೇಳಿದಳು: ಇನ್ನೇಕೆ ಯೋಚನೆ, ನಾಳೆಯೇ ಆಕಳು ಬಿಡೋಣ ಎನ್ನುತ್ತಿದ್ದಾನೆ.

ಭಾಷಾಂತರ ಬೇಕಾಗಲಿಲ್ಲ. ಆ ನಗು ನೋಡಿಯೇ ವೈನಿಗೆ ತಾನು ಯಾರ ಕೆಲಸ ಮಾಡಿಕೊಟ್ಟೆನೆಂದು ತಿಳಿಯಿತು. ಒಟ್ಟಿದ ಗಿಡಗಳ ಪಕ್ಕದಲ್ಲಿ ಕೂತು, ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಅಣ್ಣನ ಮದುವೆಯಾಗಿ ಇಷ್ಟು ವರ್ಷದಲ್ಲಿ ವೈನಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಡು ಗುಡ್ಡದ ಗಿಡ ತಿಂದಾಗಲೂ ಬೈದಿದ್ದರು, ಅತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ

ಅಳು ಬೇಗ ಮುಗಿಯಿತು. ವೈನಿ ಒಂದು ಗಿಡ ಎತ್ತಿ ಬೇರು ಮೂಸಿದರು. “ಬೇರು ಹಸಿ ಅದ. ಲೂಸಿಯಾಗ ಕೇಳು, ಆಕಳ ಸಗಣಿ ಎಲ್ಲದ? ಒಂದು ಬುಟ್ಟಿ, ಒಂದು ಕೊಡಾ ನೀರು, ಒಂದು ಕತ್ತರಿ. ಬ್ಯಾಗಿ ಬ್ಯಾಗಿ ಹೇಳು, ಈ ಸಲ ಎಲ್ಲಾ ಹೇಳು!”

ಎಲ್ಲವನ್ನೂ ಹೇಳಿದೆ. ಸಗಣಿ, ಮಣ್ಣು, ನೀರು ಕಲಸಿ ಗಟ್ಟಿ ರಾಡಿ ಮಾಡಿದರು. ಕಿತ್ತ ಗಿಡದ ಬೇರನ್ನು ಅದರಲ್ಲಿ ಅದ್ದಬೇಕು, ಮೇಲಿನ ಎಲೆ, ಹೂವೆಲ್ಲ ಕತ್ತರಿಸಿ ಭಾರ ಇಳಿಸಬೇಕು, ಆಮೇಲೆ ಅದು ಎದ್ದುಬಂದ ಗುಂಡಿಯಲ್ಲೇ ಇಟ್ಟು ಒತ್ತಬೇಕು. ಕತ್ತರಿ ಹಿಡಿದ ವೈನಿ ಮೊದಲ ಗೊಂಚಲಿನ ಮುಂದೆ ತಡೆದರು. ಹೂ ಇಟ್ಟರೆ ಗಿಡ ಬದುಕುವುದಿಲ್ಲ, ಹೂ ಕತ್ತರಿಸಿದರೆ ಈ ಸಲ ಹಕ್ಕಿಗೆ ಬರಲು ಕಾರಣವೇ ಇಲ್ಲ. ಎಲ್ವಿರಾರ ಕಡೆ ನೋಡಿದರು. ಎಲ್ವಿರಾ ಮುಖ ತಿರುಗಿಸಿ ಮನೆಯ ಕಡೆ ನಡೆದರು. ವೈನಿ ಕಣ್ಣು ಮುಚ್ಚಿ ಕತ್ತರಿಸಿದರು.

ಚರ್ಚಿನಿಂದ ಬಂದ ಹೆಂಗಸರು ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ನಿಂತರು. ಯಾರೂ ಮಿಂಗಾ ಕರೆದಿರಲಿಲ್ಲ. ಒಬ್ಬಾಕೆ ಹಬ್ಬದ ಲಂಗವನ್ನು ಎತ್ತಿ ಕಟ್ಟಿ ಒಳಗೆ ಬಂದಳು, ಆಮೇಲೆ ಎಲ್ಲರೂ ಬಂದರು. ಮೋಡ ಇಳಿಯಿತು. ಪಕ್ಕದವರ ಕೈ ಮಾತ್ರ ಕಾಣುವಷ್ಟು ಬಿಳಿ. ಯಾರೋ ಗಿಡ ಕೊಡುತ್ತಿದ್ದರು, ಯಾರೋ ತೆಗೆದುಕೊಳ್ಳುತ್ತಿದ್ದರು, ಗುಂಡಿಯಲ್ಲಿ ಮಣ್ಣು ಒತ್ತುವ ಮೆತ್ತನೆ ಸದ್ದು. ನನಗೆ ಆ ಹೊತ್ತು ನಾನು ಯಾವ ದೇಶದಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ತಲೆನೋವೂ ಮರೆತಿತ್ತು, ಅದು ರಾತ್ರಿ ಊಟದ ಹೊತ್ತಿಗೆ ನೆನಪಾಯಿತು.

ಆ ಸಂಜೆಯೂ ಎಲ್ವಿರಾ ಎರಡೂ ಪಟಗಳ ಮುಂದೆ ಬತ್ತಿ ಹಚ್ಚಿದರು. ನಮ್ಮ ಕಡೆ ನೋಡಲಿಲ್ಲ, ಮಾತಾಡಲಿಲ್ಲ. “ಬೈದಿದ್ರ ಛಲೋ ಇತ್ತು,” ಎಂದರು ವೈನಿ. “ದೀಪಾ ಹಚ್ಚಿ ಕೊಂದ್ಲು ನನ್ನ.”

ಆಮೇಲಿನ ದಿನಗಳು

ಕೆಲವು ಗಿಡ ತಲೆ ಬಾಗಿಸಿ ಕಪ್ಪಾದವು. ಕೆಲವು ನಿಂತವು. ವೈನಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬೇಲಿಯ ಹೊರಗಿನಿಂದ ನೋಡಿ ಬರುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ಕಂಡರೂ ಕೈ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. “ಈ ಊರಾಗ ನಾ ಏನೂ ಕೀಳಂಗಿಲ್ಲವ್ವ. ನನ್ನ ಕೈಗಿ ಇಲ್ಲಿಂದು ಮಾಲೂಮಿಲ್ಲ,” ಎನ್ನುತ್ತಿದ್ದರು. ಅಡುಗೆಮನೆಯ ಬೆಂಚಿನ ಕೆಳಗೆ ಗಿನಿ ಇಲಿಗಳು ಕಿಚಕಿಚ ಎನ್ನುತ್ತ ಓಡಾಡುತ್ತಿದ್ದವು. ಮೊದಲ ದಿನ ಒಂದಕ್ಕೆ ಸೋನು ಎಂದು ಹೆಸರಿಟ್ಟು ಮುದ್ದಾಡಿ, ಅದು ಮದುವೆಯೂಟಕ್ಕೆ ಸಾಕಿದ್ದೆಂದು ಗೊತ್ತಾದ ಮೇಲೆ ಆ ಕಡೆ ತಿರುಗಿಯೂ ನೋಡಿರದ ವೈನಿ, ಈಗ ಅದರೊಂದಿಗೇ ಕೂತು ಮಾತಾಡುತ್ತಿದ್ದರು.

ಮೈದುನ ದಿನವೂ ಸಂಜೆ ಬಂದು ಕೂರುತ್ತಿದ್ದ. ಅವನದೂ ತಪ್ಪು ಮಾತಲ್ಲ. ಹಾಲು ಕಡಿಮೆಯಾಗಿದೆ, ಮೇಲಿನ ಹುಲ್ಲು ತೆಳುವಾಗಿದೆ, ಅಪ್ಪ ಬೆನ್ನ ಮೇಲೆ ಹೊತ್ತು ತಂದ ಹುಲ್ಲು ಇದು, ಕಣ್ಣಿಗೆ ಕಾಣದ ಹಕ್ಕಿಗಾಗಿ ಎಷ್ಟು ದಿನ ಬೇಲಿ ಕಾಯುವುದು. ಎಲ್ವಿರಾ ಚೀಸ್ ಹಿಂಡುತ್ತ ಕೇಳುತ್ತಿದ್ದರು. ಊರ ಸಭೆಯಲ್ಲಿಯೂ ಮಾತು ಬಂತು. ಎಲ್ಲರ ಕಣ್ಣು ಅವರ ಮೇಲೆ. ಅವರು ಎದ್ದು ನಿಂತು, ಶಾಲು ಸರಿಮಾಡಿಕೊಂಡು, “ಈಗಲೇ ಹೇಳುತ್ತೇನೆ,” ಎಂದು ಮನೆಗೆ ಹೋದರು. ಆ ಊರಿನಲ್ಲಿ ಈಗಲೇ ಎಂದರೆ ಏನೆಂದು ನಿಮಗೆ ಗೊತ್ತಿದೆ.

ನನಗೆ ಮಾತ್ರ ಹೆದರಿಕೆಯಾಯಿತು. ಇಷ್ಟು ವರ್ಷ ಊರೆಲ್ಲ ಸೇರಿ ಕಟ್ಟಿದ್ದು ನಮ್ಮಿಂದ ಕೆಟ್ಟಿತು ಎಂಬುದನ್ನು ಹೊತ್ತು ಮಂಠಾಳಕ್ಕೆ ಹೋಗುವುದು ಹೇಗೆ? ವೈನಿ ಇನ್ನು ಆ ಗುಡ್ಡ ಹತ್ತುತ್ತಾರೆಯೇ? ಕಿಟಕಿಯಲ್ಲಿ ಮೋಡ ಬಂದು ನಿಂತು ಹೋಗುತ್ತಿತ್ತು. ಅದರಲ್ಲಿ ಬಿಳಿ ಉಂಡೆಗಳಿಗಾಗಿ ನಾನು ಹುಡುಕುತ್ತಲೇ ಇದ್ದೆ, ಒಂದೂ ಕಾಣಲಿಲ್ಲ.

ಹೊರಡುವ ದಿನ

ಬೆಳಗ್ಗೆ ಜೀಪು ಬಂದು ನಿಂತಿತ್ತು. ಈ ಸಲ ನಿಜವಾಗಿಯೂ ಈಗಲೇ ಬಂದಿತ್ತು. ವೈನಿ ಬುದ್ಧನ ಪಟವನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡರು. ಎಲ್ವಿರಾರಿಗೆ ಕೈಮುಗಿದು, “ಮಾಫ್ ಮಾಡ್ರಿ ಬಾಯಿ,” ಎಂದರು. ನಾನು ಲೂಸಿಯಾಳ ಕಡೆ ತಿರುಗುವ ಮೊದಲೇ ಎಲ್ವಿರಾ ವೈನಿಯ ಮಣಿಕಟ್ಟು ಹಿಡಿದು ಹೊರಗೆ ನಡೆದರು. ನಾವು ಹಿಂದೆ ಓಡಿದೆವು.

ಬೇಲಿಯ ಬಾಗಿಲು ತೆಗೆದು ವೈನಿಯನ್ನು ಒಳಗೆ ಎಳೆದುಕೊಂಡರು. ನಿಂತ ಗಿಡಗಳಲ್ಲಿ ಒಂದರ ಪಕ್ಕ ಕೂತರು. ಕತ್ತರಿಸಿದ ತುದಿಯ ಕೆಳಗೆ ಅಕ್ಕಿಕಾಳಿನಷ್ಟು ಹಸಿರು ಚಿಗುರಿತ್ತು. ಹುಲ್ಲು ನಾಲ್ಕೂ ಕಡೆಯಿಂದ ಅದರ ಬುಡಕ್ಕೆ ಮುತ್ತಿತ್ತು. ಎಲ್ವಿರಾ ಆ ಹುಲ್ಲಿನ ಒಂದು ಹಿಡಿ ಹಿಡಿದು, ಬೇರುಸಹಿತ ಕಿತ್ತು, ವೈನಿಯ ಮುಖದ ಮುಂದೆ ಹಿಡಿದರು. ಒಂದೇ ಮಾತು ಹೇಳಿದರು.

ಲೂಸಿಯಾ ಆ ಹುಲ್ಲನ್ನೂ ಎಲ್ವಿರಾರ ಮುಖವನ್ನೂ ನೋಡಿದಳು. ಆಮೇಲೆ, “ಇದು ಕಳೆ, ಇದನ್ನು ಕೀಳು ಎನ್ನುತ್ತಿದ್ದಾರೆ,” ಎಂದಳು.

ನಾನು ಹೇಳಿದೆ. ವೈನಿ ಕೈ ಚಾಚಲಿಲ್ಲ. “ಬರೋಬ್ಬರಿ ಕೇಳು. ಇದು ಆಕಿ ಮಾವನ ಹುಲ್ಲಲ್ಲೇನು? ಇದು ಕಿತ್ರ ಆಕಳಾ ಏನ್ ತಿನ್ನಬೇಕು?”

ಕೇಳಿದೆವು. ಎಲ್ವಿರಾ ಉತ್ತರ ಕೊಡುವ ಬದಲು ಎದ್ದು, ಕೈಯಲ್ಲಿದ್ದ ಹಿಡಿ ಹುಲ್ಲನ್ನು ಬೇಲಿಯಾಚೆ ಬೀಸಿ ಒಗೆದರು. ಅಲ್ಲಿ ಅವರ ಮೈದುನ ಆಕಳನ್ನು ಹಿಡಿದುಕೊಂಡು ನಿಂತಿದ್ದ, ಯಾವಾಗ ಬಂದನೋ ನಾವು ನೋಡಿರಲಿಲ್ಲ. ಆಕಳು ಬಾಗಿ ತಿನ್ನತೊಡಗಿತು. ಎಲ್ವಿರಾ ಅವನಿಗೆ ಹೇಳಿದ್ದು ಲೂಸಿಯಾಳ ಮೂಲಕ ನನಗೆ ಹೀಗೆ ತಲುಪಿತು: “ಭಾನುವಾರ ಇಲ್ಲಿ ಬರೀ ಹುಲ್ಲು ಕಂಡಾಗ ನಾನು ಕೂಗಿಕೊಂಡೆ. ನೀನೂ ಕೇಳಿದೆ. ಹಾಗೆ ಕೂಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಿಮ್ಮಣ್ಣ ಹೋದ ದಿನ ಬಿಟ್ಟರೆ ನಾನು ಹಾಗೆ ಕೂಗಿದವಳಲ್ಲ. ಹಕ್ಕಿ ಬರಲಿ, ಬಿಡಲಿ. ಆಕಳಿಗೆ ನಾನು ಕಿತ್ತು ಹಾಕುತ್ತೇನೆ.”

ಒಂದು ಮಾತೂ ಬಿಡದೆ ಅಷ್ಟನ್ನೂ ವೈನಿಗೆ ಹೇಳಿದೆ.

ವೈನಿ ಮತ್ತೊಮ್ಮೆ ಕೇಳಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಡದ ಈಚೆ ಕುಕ್ಕರುಗಾಲಲ್ಲಿ ಕೂತರು. ಆಚೆ ಎಲ್ವಿರಾ ಕೂತರು. ಮೋಡ ಬಂತು. ಜೀಪಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಬೇಲಿಯಾಚೆಗೆ ಹಿಡಿ ಹಿಡಿ ಹುಲ್ಲು ಬೀಳುತ್ತಿತ್ತು, ಆಕಳು ತಿನ್ನುತ್ತಿತ್ತು.